ಕಾವು ಪೆಟ್ಟಿಗೆಯಲ್ಲಿ ಅರ್ಧ ಓಮ್

ಸೋಮವಾರ ಬೆಳಿಗ್ಗೆ ನನ್ನ ಮೋಟರ್ ವೈಂಡಿಂಗ್ ಅಂಗಡಿಯ ಷಟರನ್ನು ಇನ್ನೂ ಪೂರ್ತಿ ಮೇಲೆತ್ತಿರಲಿಲ್ಲ. ಒಬ್ಬ ಹೆಂಗಸು ಅದರ ಕೆಳಗೆ ಬಗ್ಗಿ ಒಳಗೆ ಬಂದೇಬಿಟ್ಟರು. ಕಂಕುಳಲ್ಲಿ ಚೀಲ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆ.

"ಮೋಟ್ರು ಸುತ್ತೋರು ನೀವೇ ಏನ್ರಿ?"

"ನಾನೇ ರೀ. ಕೂಡ್ರಿ ಅಕ್ಕಾ, ಮೊದಲು ಕಸ ಹೊಡೀತೀನಿ."

"ಕೂಡಾಕೆ ಟೈಮಿಲ್ಲ ತಂಗಿ. ಗುರುವಾರ, ಶುಕ್ರವಾರ ಎರಡು ದಿನ ಕರೆಂಟ್ ತೆಗೀತಾರಂತೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ. ನೋಡ್ರಿ ಇಲ್ಲಿ, ಪೇಪರ್‍ನಾಗೆ ಹಾಕ್ಯಾರೆ."

ಲೈನ್ ಕೆಲಸದ ಪ್ರಕಟಣೆ ಅದು. ದಾವಣಗೆರೆಯಲ್ಲಿ ಕೂತ ನನಗೆ ಅದರಲ್ಲಿ ಅಳುವಂಥದ್ದೇನೂ ಕಾಣಲಿಲ್ಲ. ಆದರೆ ಅಕ್ಕನ ಕಣ್ಣು ಆಗಲೇ ಕೆಂಪಗಿದ್ದವು. ಅವರ ಊರು ಹರಿಹರ ತಾಲ್ಲೂಕಿನ ಕೊಕ್ಕನೂರು. ಹೊಲದ ಕೆಲಸದ ಜೊತೆಗೆ ನಾಟಿಕೋಳಿ ಮರಿ ಮಾಡಿಸುವುದು ಅವರ ಕಸುಬು. ಮನೆಯಲ್ಲಿ ಒಂದು ಹಳೆಯ ಕಾವು ಪೆಟ್ಟಿಗೆ ಇದೆ, ಮೊಟ್ಟೆಗಳಿಗೆ ತಾಯಿಕೋಳಿಯ ಬದಲು ಅದೇ ಕಾವು ಕೊಡುತ್ತದೆ. ಒಳಗೆ ಮೂರು ತಟ್ಟೆ, ಕಾಯಿಸಲು ಒಂದು ಕಾಯಿಲ್, ಗಾಳಿ ಆಡಿಸಲು ಪುಟ್ಟ ಫ್ಯಾನು. ಇಪ್ಪತ್ತೊಂದು ದಿನ ಮೂವತ್ತೇಳೂವರೆ ಡಿಗ್ರಿ ಬಿಸಿ ಕದಲದಂತೆ ಇರಬೇಕು. ಅವತ್ತಿಗೆ ಒಂಬತ್ತನೇ ದಿನ ನಡೆಯುತ್ತಿತ್ತು.

"ನನ್ನ ತತ್ತಿ ಅಲ್ಲ ತಂಗಿ ಅವು. ನನ್ನವಾಗಿದ್ರೆ ಹೋದ್ರೆ ಹೋಗ್ಲಿ ಅಂತಿದ್ದೆ. ಊರಾಗಿನ ಹದಿನೆಂಟು ಮನೆಯೋರ ತತ್ತಿ. ಹೋದ ಸಲ ಹಿಂಗೇ ಕರೆಂಟ್ ಹೋಗಿ ಎಲ್ಲಾ ಕೆಟ್ಟು ನಾರಿದ್ವು. ಈ ಸಲ ಮನೆ ಮನೆಗೆ ಹೋಗಿ, ಕೈ ಮುಗಿದು ಇಸ್ಕಂಡು ಬಂದೀನಿ. ಮತ್ತೆ ಕೆಟ್ರೆ ಇನ್ಯಾವ ಮುಖ ಹೊತ್ಕಂಡು ನೀರಿಗೆ ಹೋಗ್ಲಿ?"

ಅವರ ಬೇಡಿಕೆ ಸರಳವಾಗಿತ್ತು. ಮನೆಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಇದೆ, ಹನ್ನೆರಡು ವೋಲ್ಟಿನದು. ಅದರ ಮೇಲೆ ಓಡುವಂಥ ಕಾಯಿಲ್ ಒಂದನ್ನು ಸುತ್ತಿಕೊಡಬೇಕು. ಪೆಟ್ಟಿಗೆಯ ಫ್ಯಾನು ಮೊದಲೇ ಹನ್ನೆರಡು ವೋಲ್ಟಿನದಾಗಿದ್ದರಿಂದ ಅದರ ಚಿಂತೆ ಇರಲಿಲ್ಲ. ನಾನು ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟೆ. ಪಂಪಿನ ಮೋಟರನ್ನೇ ಸುತ್ತುವವಳಿಗೆ ಒಂದು ಗೇಣು ಕಾಯಿಲ್ ಯಾವ ಮಹಾ ಅನ್ನುವ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಲೆಕ್ಕ ಹೀಗೆ. ಪೆಟ್ಟಿಗೆಯ ಬಿಸಿ ಹಿಡಿದಿಡಲು ಸುಮಾರು ನಲವತ್ತು ವ್ಯಾಟ್ ಬೇಕು, ಸ್ವಲ್ಪ ಹೆಚ್ಚೇ ಇರಲಿ ಅಂತ ಅರವತ್ತು ಇಟ್ಟುಕೊಂಡೆ. ಹನ್ನೆರಡು ವೋಲ್ಟಿನಲ್ಲಿ ಅರವತ್ತು ವ್ಯಾಟ್ ಅಂದರೆ ಐದು ಆಂಪಿಯರ್, ಅದಕ್ಕೆ ಕಾಯಿಲಿನ ರೋಧ ಎರಡು ಪಾಯಿಂಟ್ ನಾಲ್ಕು ಓಮ್ ಇರಬೇಕು. ಓಮ್ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ, ಬಿಸಿಯೂ ಹೆಚ್ಚು. ಹೀಟರಿಗೆ ಹಾಕುವ, ಇಪ್ಪತ್ನಾಲ್ಕನೇ ಗೇಜು ದಪ್ಪದ ನೈಕ್ರೋಮ್ ತಂತಿ ಅಂಗಡಿಯಲ್ಲಿತ್ತು. ಮೀಟರಿನ ಎರಡು ಕಡ್ಡಿಗಳನ್ನು ತಂತಿಗೆ ಒತ್ತಿ ಸರಿಸುತ್ತಾ ಹೋದೆ. ಮೀಟರು ಎರಡು ಪಾಯಿಂಟ್ ನಾಲ್ಕು ತೋರಿಸಿದಲ್ಲಿ ಕತ್ತರಿಸಿ, ಪಿಂಗಾಣಿ ಕಡ್ಡಿಗೆ ಸುತ್ತಿ, ತುದಿಗೆ ಹಿತ್ತಾಳೆ ಸ್ಕ್ರೂ ಹಾಕಿದೆ. ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ಮಾವ ಕಾಯಿಲನ್ನು ತಿರುಗಿಸಿ ಮುರುಗಿಸಿ ನೋಡಿದರು. ನನಗೆ ಈ ವಿದ್ಯೆ ಕಲಿಸಿದವರು ಅವರೇ. ಈಗ ಕಣ್ಣು ಮಂಜು, ಆದರೆ ತಂತಿಯನ್ನು ಬೆರಳಲ್ಲೇ ಮುಟ್ಟಿ ಗೇಜು ಹೇಳುತ್ತಾರೆ. "ಸುತ್ತು ಬಿಗಿ ಐತೆ. ಚೆನ್ನಾಗೈತೆ ಹೋಗವ್ವ," ಅಂದರು.

ಮಂಗಳವಾರ ಸ್ಕೂಟಿ ಹತ್ತಿ ಹರಿಹರ ದಾಟಿ ಕೊಕ್ಕನೂರು ಮುಟ್ಟಿದಾಗ ಹತ್ತೂವರೆ. ಅಕ್ಕನ ಮನೆಯ ನಡುಮನೆಯಲ್ಲಿ ಪೆಟ್ಟಿಗೆ ಇತ್ತು. ಬಾಗಿಲು ತೆಗೆದು ತೋರಿಸಿದರು. ಒಂದೊಂದು ಮೊಟ್ಟೆಯ ಮೇಲೂ ಪೆನ್ಸಿಲ್ಲಿನ ಗುರುತು. ಒಂದು ಮನೆಯದು ಸೊನ್ನೆ, ಒಂದು ಮನೆಯದು ಎಲೆ, ಇನ್ನೊಂದರದು ಬಾಚಣಿಗೆಯಂಥ ಗೀಟು. ಯಾರ ಮೊಟ್ಟೆ ಮರಿಯಾಯಿತೋ ಆ ಮನೆಗೆ ಮರಿ. ಓದು ಬಾರದವರೂ ಮೋಸ ಹೋಗಬಾರದು ಅಂತ ಈ ಏರ್ಪಾಡು. ಮೇಲಿನ ತಟ್ಟೆಯಲ್ಲಿ ವಿಭೂತಿಯಂತೆ ಮೂರು ಅಡ್ಡಗೆರೆ ಎಳೆದ ಹನ್ನೆರಡು ಮೊಟ್ಟೆ ಇದ್ದವು.

"ಅವು ಓಣಿ ಕೊನೆಯ ಅಜ್ಜಿಯವು. ಹೋದ ಸಲ ಎಲ್ಲಾರಿಗಿಂತ ಜಾಸ್ತಿ ಕಳ್ಕಂಡೋಳು ಆಕೆನೇ. ಈ ಸಲ ಕೊಡಾಕಿಲ್ಲ ಅಂತ ಹಟ ಹಿಡಿದಿದ್ಲು. ಮೂರು ಸಲ ಹೋಗೀನಿ ಅವರ ಮನೆಗೆ," ಅಂದರು ಅಕ್ಕ.

ಪೆಟ್ಟಿಗೆಯ ಥರ್ಮೋಸ್ಟಾಟ್ ಹಳೇ ಕಾಲದ್ದು. ತಗಡಿನ ಬಿಲ್ಲೆಯೊಂದು ಬಿಸಿಗೆ ಉಬ್ಬಿ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ, ಕಾಯಿಲ್ ಆರುತ್ತದೆ. ತಣ್ಣಗಾದರೆ ಬಿಲ್ಲೆ ಕುಗ್ಗುತ್ತದೆ, ಕಾಯಿಲ್ ಮತ್ತೆ ಹೊತ್ತುತ್ತದೆ. ಹಳೇ ಕಾಯಿಲ್ ಬಿಚ್ಚಿ ನನ್ನದನ್ನು ಕೂರಿಸಿದೆ. ಬ್ಯಾಟರಿ ತುಂಬಲಿ ಅಂತ ಅಕ್ಕನ ಗಂಡ ಬೆಳಗಿನಿಂದ ಚಾರ್ಜರ್ ಹಚ್ಚಿಟ್ಟಿದ್ದರು. ಇರಲಿ ಬಿಡಿ, ತೆಗೆಯಬೇಡಿ ಅಂದೆ. ವೈರು ಜೋಡಿಸಿ ಸ್ವಿಚ್ ಹಾಕಿದೆ. ಒಳಗೆ ಬೆಚ್ಚಗಾಗತೊಡಗಿತು. ಅಕ್ಕ ಚಹಾ ಇಡಲು ಒಳಗೆ ಹೋದರು, ನಾನು ಹಿಂದೆಯೇ ಹೋಗಿ ಅಡಿಗೆಮನೆ ಹೊಸ್ತಿಲಲ್ಲಿ ನಿಂತು ಹರಟೆ ಹೊಡೆದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಕಾಲು ಗಂಟೆ ಕಳೆದಿರಬಹುದು. ಸುಟ್ಟ ವಾಸನೆ ಬಂತು. ಓಡಿ ಬಂದು ನೋಡಿದರೆ ಕಾಯಿಲ್ ಕೆಂಡದ ಹಾಗೆ ಕೆಂಪಗಿದೆ, ಥರ್ಮಾಮೀಟರು ನಲವತ್ತೊಂದು ದಾಟಿದೆ. ಬಿಲ್ಲೆ ಉಬ್ಬಿ ಸ್ವಿಚ್ಚನ್ನು ಒತ್ತಿಕೊಂಡೇ ಇದೆ, ಆದರೂ ಕಾಯಿಲ್ ಆರುತ್ತಿಲ್ಲ. ವೈರು ಹಿಡಿದು ಕಿತ್ತೆ. ಅಕ್ಕ ಪೆಟ್ಟಿಗೆಯ ಬಾಗಿಲು ತೆಗೆದು ಸೆರಗಿನಲ್ಲಿ ಗಾಳಿ ಬೀಸತೊಡಗಿದರು.

"ಬೆಂದ್ವಾ ತಂಗಿ? ಬೆಂದ್ವಾ?"

ಸ್ವಿಚ್ಚು ಬಿಚ್ಚಿ ನೋಡಿದೆ. ಒಳಗೆ ಕರೆಂಟ್ ದಾಟಿಸುವ ಎರಡು ಲೋಹದ ಬೊಟ್ಟುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಐದು ಆಂಪಿಯರ್ ತಾಳುವ ಸ್ವಿಚ್ಚದು. ಅಂದರೆ ನನ್ನ ಕಾಯಿಲ್ ಅದಕ್ಕಿಂತ ಎಷ್ಟೋ ಹೆಚ್ಚು ಎಳೆದಿದೆ. ಅರವತ್ತು ವ್ಯಾಟಿನ ಕಾಯಿಲ್ ಹಾಗೆ ಕೆಂಪಗಾಗಲು ಸಾಧ್ಯವೇ ಇಲ್ಲ. ಚಾರ್ಜರ್ ಹಚ್ಚಿದ್ದರಿಂದ ಹನ್ನೆರಡು ವೋಲ್ಟ್ ಹೋಗಿ ಹದಿನಾಲ್ಕು ಇತ್ತು ಅನ್ನುವುದು ಆಗ ಹೊಳೆಯಿತು. ಅದನ್ನು ಲೆಕ್ಕಕ್ಕೆ ಸೇರಿಸಿದರೂ ತಾಳೆಯಾಗಲಿಲ್ಲ. ಇನ್ನೆಲ್ಲೋ ಎಡವಿದ್ದೆ.

ಹಳೇ ಕಾಯಿಲನ್ನೇ ಮತ್ತೆ ಕೂರಿಸಿ, ಚೀಲದಲ್ಲಿದ್ದ ಹೊಸ ಸ್ವಿಚ್ಚು ಹಾಕಿ, ಪೆಟ್ಟಿಗೆಯನ್ನು ಮತ್ತೆ ಕರೆಂಟಿಗೆ ಹಚ್ಚಿದೆ. ಅಷ್ಟರಲ್ಲಿ ಸುದ್ದಿ ಹೇಗೆ ಹೋಯಿತೋ, ಮೂರು ಗೆರೆಯ ಅಜ್ಜಿ ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

"ಯಾರವ್ವ ಈಕಿ, ನನ್ನ ತತ್ತಿ ಸಾರು ಮಾಡಾಕೆ ಬಂದೋಳು?"

ಬೇರೆ ದಿನವಾಗಿದ್ದರೆ ನಾನು ಸರಿಯಾಗಿ ತಿರುಗಿಸಿ ಕೊಡುತ್ತಿದ್ದೆ. ನನ್ನ ಬಾಯಿ ಅಂಗಡಿ ಸಾಲಿನಲ್ಲೆಲ್ಲ ಹೆಸರುವಾಸಿ. ಅವತ್ತು ತಲೆ ಬಗ್ಗಿಸಿ ಸಾಮಾನು ಚೀಲಕ್ಕೆ ತುಂಬಿಕೊಂಡೆ. ನಾಳೆ ಬರ್ತೀನಿ ಅಕ್ಕಾ ಅಂದೆ.

ಮಧ್ಯಾಹ್ನ ಅಂಗಡಿಗೆ ಬಂದವಳು ಮಾವನ ಮೇಲೆ ಹರಿಹಾಯ್ದೆ, ಮೀಟರಿನ ಮೇಲೆ ಹರಿಹಾಯ್ದೆ, ತಂತಿ ಮಾರಿದವನ ಮೇಲೂ. ಕಾಯಿಲನ್ನು ಮತ್ತೆ ಅಳೆದೆ. ಎರಡು ಪಾಯಿಂಟ್ ನಾಲ್ಕು. ಮೀಟರು ಸುಳ್ಳು ಹೇಳುತ್ತಿದೆಯಾ ಅಂತ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಇಂತಿಷ್ಟೇ ಓಮ್ ಅಂತ ಖಾತ್ರಿ ಇರುವ ಚಿಕ್ಕ ಕಾಯಿಲ್ ಒಂದು ಬೇಕು. ನಮ್ಮಲ್ಲಿ ಅಂಥದ್ದೆಲ್ಲಿ? ನಮ್ಮದೆಲ್ಲ ಇನ್ನೂರ ಮೂವತ್ತು ವೋಲ್ಟಿನ ಕಾರಬಾರು.

ಡ್ರಾಯರ್ ತಡಕಾಡುವಾಗ ಒಂದು ಇ-ಸಿಗರೇಟು ಕೈಗೆ ಸಿಕ್ಕಿತು. ಹಿಂದೊಮ್ಮೆ ಲಾರಿ ಡ್ರೈವರೊಬ್ಬ ಅದನ್ನು ರಿಪೇರಿಗೆ ತಂದಿದ್ದ. ಜೇಬಿನಲ್ಲಿದ್ದಾಗ ಸುಡುವಷ್ಟು ಬಿಸಿಯಾಗುತ್ತದೆ ಅಂದಿದ್ದ. ಬಿಚ್ಚಿ ನೋಡಿದರೆ ಯಾರೋ ಅದರ ಪುಟ್ಟ ಬ್ಯಾಟರಿಗೆ ತಾಳದಷ್ಟು ಕಡಿಮೆ ಓಮಿನ ಕಾಯಿಲ್ ಹಾಕಿದ್ದರು. ಇದು ಸರ್ಕಾರ ನಿಷೇಧ ಮಾಡಿದ ಸಾಮಾನು, ನಾನು ಮುಟ್ಟಲ್ಲ, ನೀನೂ ಬಿಟ್ಟುಬಿಡು ಮಾರಾಯ ಅಂದಿದ್ದಕ್ಕೆ, ಹಾಗಾದರೆ ನೀವೇ ಇಟ್ಕಳ್ರಿ ಅಂತ ಸಿಟ್ಟಿನಲ್ಲಿ ಎಸೆದು ಹೋಗಿದ್ದ. ಅದರ ಜೊತೆಗೆ ಬಂದ, ಬಳಸದ ಹೊಸ ಕಾಯಿಲ್ ಒಂದು ಕವರಿನಲ್ಲಿತ್ತು. ಕಾಳಿನಷ್ಟು ದೊಡ್ಡದು. ಮೈಮೇಲೆ ಒಂದು ಪಾಯಿಂಟ್ ಎರಡು ಓಮ್ ಅಂತ ಅಚ್ಚು.

ಅಳೆದೆ. ಮೀಟರು ಒಂದು ಪಾಯಿಂಟ್ ಏಳು ತೋರಿಸಿತು.

ಮೊದಲು ಆ ಕಾಯಿಲನ್ನೇ ಬೈದೆ. ಆಮೇಲೆ ಏನೋ ಹೊಳೆದು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದೆ. ನಡುವೆ ಏನೂ ಇಲ್ಲ, ಸೊನ್ನೆ ಬರಬೇಕು. ಪಾಯಿಂಟ್ ಐದು ಬಂತು. ಕಡ್ಡಿಗಳ ಹಳೇ ವೈರಿನಲ್ಲೇ ಅರ್ಧ ಓಮ್ ಕೂತಿತ್ತು.

"ಮಾವ, ನೋಡ್ರಿ ಇಲ್ಲಿ! ಬರೀ ವೈರಿಗೇ ಅರ್ಧ ಓಮ್ ತೋರಿಸ್ತೈತೆ."

"ಅದು ಯಾವಾಗ್ಲೂ ತೋರಿಸ್ತೈತೆ. ಅರ್ಧ ಓಮ್ ತಾನೇ, ಬಿಟ್ಟಾಕು."

"ಬಿಟ್ಟಾಕಿದ್ದಕ್ಕೇ ಹಿಂಗಾಗೈತೆ!"

ಬಿಟ್ಟಾಕು ಅಂತಲೇ ಅವರು ನನಗೆ ಕಲಿಸಿದ್ದು. ಅವರ ತಪ್ಪೂ ಅಲ್ಲ. ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ನೂರು ಓಮಿನ ಹತ್ತಿರ ಇರುತ್ತದೆ, ಅಲ್ಲಿ ಅರ್ಧ ಓಮ್ ಯಾರಿಗೆ ಲೆಕ್ಕ? ನಮ್ಮ ಸಾಲಿನ ಯಾವ ವೈಂಡಿಂಗ್ ಅಂಗಡಿಯಲ್ಲೂ ಅದನ್ನು ಕಳೆಯುವುದಿಲ್ಲ. ಆದರೆ ಬ್ಯಾಟರಿಯ ಕಾಯಿಲಿನ ಒಟ್ಟು ಆಸ್ತಿಯೇ ಎರಡು ಚಿಲ್ಲರೆ ಓಮ್. ಅದರಲ್ಲಿ ಅರ್ಧ ಓಮ್ ಹೋದರೆ ಐದರಲ್ಲಿ ಒಂದು ಪಾಲು ಹೋದ ಹಾಗೆ. ನಾನು ಸುತ್ತಿದ ಕಾಯಿಲ್ ನಿಜದಲ್ಲಿ ಒಂದು ಪಾಯಿಂಟ್ ಒಂಬತ್ತು. ಹದಿನಾಲ್ಕು ವೋಲ್ಟಿನಲ್ಲಿ ಅದು ಅರವತ್ತಲ್ಲ, ನೂರು ವ್ಯಾಟ್ ಕಕ್ಕಿತ್ತು.

ಮಾವ ಮೀಟರು ಇಸಿದುಕೊಂಡು ತಾವೇ ಎರಡು ಕಡ್ಡಿ ತಾಗಿಸಿ, ಕಣ್ಣಿನ ಹತ್ತಿರ ತಂದು ನೋಡಿದರು. "ಎರಡು ಸುತ್ತವ್ವ," ಅಂದರು. "ಒಂದೇ ದೊಡ್ಡದು ಬ್ಯಾಡ. ಆ ಸ್ವಿಚ್ಚಿನ ಮೇಲೆ ಇಡೀ ಭಾರ ಯಾಕ ಹೊರಿಸ್ತೀ?"

ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ತಲಾ ನಾಲ್ಕು ಪಾಯಿಂಟ್ ಎಂಟು ಓಮಿನ ಎರಡು ಕಾಯಿಲ್, ಒಂದೊಂದೂ ಮೂವತ್ತು ವ್ಯಾಟಿನದು. ಮೊದಲನೆಯದು ಸದಾ ಉರಿಯುತ್ತಿರಲಿ. ಅದೊಂದರಿಂದಲೇ ಪೆಟ್ಟಿಗೆ ಎಂದೂ ಅತಿ ಬಿಸಿಯಾಗದು. ಎರಡನೆಯದು ಮಾತ್ರ ಥರ್ಮೋಸ್ಟಾಟಿನ ಮೂಲಕ ಹೊತ್ತಿ ಆರಲಿ. ಸ್ವಿಚ್ಚಿಗೆ ಎರಡೂವರೆ ಆಂಪಿಯರಿನಷ್ಟೇ ಭಾರ. ಈ ಸಲ ಮೀಟರು ಐದು ಪಾಯಿಂಟ್ ಮೂರು ತೋರಿಸುವ ತನಕ ಅಳೆದು ಕತ್ತರಿಸಿದೆ. ತಂತಿ ಒಂದು ಮೀಟರಿನ ಮೇಲೆ ನಾಲ್ಕು ಬೆರಳು ಬಂತು.

ಬುಧವಾರ ಬೆಳಿಗ್ಗೆ ಹೋದಾಗ ಅಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಮೇಲಿಟ್ಟು ನೋಡುತ್ತಿದ್ದರು. ಕೋಣೆ ಕತ್ತಲು ಮಾಡಲು ಕಿಟಕಿಗೆ ಕಂಬಳಿ ಹೊದಿಸಿದ್ದರು. ಜೀವ ಇರುವ ಮೊಟ್ಟೆಯಲ್ಲಿ ಜೇಡದ ಬಲೆಯಂತೆ ಕೆಂಪು ನರಗಳು ಕಾಣುತ್ತವೆ, ನಡುವೆ ಒಂದು ಚುಕ್ಕೆ ಮಿಸುಕುತ್ತದೆ. ಮಿಸುಕುವುದನ್ನು ಕಂಡಾಗಲೆಲ್ಲ ನನಗೆ ಹೋದ ಉಸಿರು ಬಂದಂತಾಗುತ್ತಿತ್ತು. ಹೆಚ್ಚುಕಡಿಮೆ ಎಲ್ಲವೂ ಬದುಕಿದ್ದವು. ಮೇಲಿನ ತಟ್ಟೆಯಲ್ಲಿ, ಕಾಯಿಲಿಗೆ ತೀರಾ ಹತ್ತಿರ ಇದ್ದ ನಾಲ್ಕರಲ್ಲಿ ಮಾತ್ರ ನರಗಳು ಮಾಸಿ, ಒಂದು ಕೆಂಪು ಉಂಗುರ ಉಳಿದಿತ್ತು. ನಾಲ್ಕರ ಮೇಲೂ ಮೂರು ಗೆರೆ.

"ಆಕೆಗೆ ನಾನು ಹೇಳ್ತೀನಿ ಬಿಡು," ಅಂದರು ಅಕ್ಕ.

"ನೀವ್ಯಾಕ್ರಿ ಹೇಳ್ತೀರಿ? ಸುಟ್ಟೋಳು ನಾನು," ಅಂದೆ. ಆದರೆ ಮೊದಲು ಕೆಲಸ ಮುಗಿಯಬೇಕಿತ್ತು.

ಚಾರ್ಜರ್ ಕಿತ್ತು, ಬರೀ ಬ್ಯಾಟರಿಯ ಮೇಲೆ ಎರಡೂ ಕಾಯಿಲ್ ಹಚ್ಚಿದೆ. ಈ ಸಲ ಚಹಾ ಇಲ್ಲ, ಹರಟೆ ಇಲ್ಲ. ಪೆಟ್ಟಿಗೆಯ ಗಾಜಿಗೆ ಮೂಗು ಹಚ್ಚಿಕೊಂಡು ಕೂತೆ. ಮೂವತ್ತೇಳೂವರೆ ಇದ್ದದ್ದು ಅರ್ಧ ಗಂಟೆಯಲ್ಲಿ ಮೂವತ್ತಾರು ಪಾಯಿಂಟ್ ಎಂಟಕ್ಕೆ ಇಳಿಯಿತು, ಇನ್ನೂ ಇಳಿಯುತ್ತಲೇ ಇತ್ತು. ಎರಡೂ ಕಾಯಿಲ್ ಉರಿಯುತ್ತಿವೆ, ಆದರೂ ಇಳಿಯುತ್ತಿದೆ! ನಿನ್ನೆ ಬೇಯಿಸಿದೆ, ಇವತ್ತು ಚಳಿಗೆ ಕೊಲ್ಲುತ್ತೀನಿ ಅನ್ನಿಸಿ ನಿಜವಾಗಿ ಅಳು ಬಂತು. ಅಕ್ಕ ಬೈದಿದ್ದರೂ ಸಮಾಧಾನವಾಗುತ್ತಿತ್ತು. ಅವರು ಗೋಡೆಗೆ ಒರಗಿ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದರು.

ಮೀಟರು ತೆಗೆದೆ. ಬ್ಯಾಟರಿಯ ಬಾಯಲ್ಲಿ ಹನ್ನೆರಡು ವೋಲ್ಟ್. ಕಾಯಿಲಿನ ತುದಿಗಳಲ್ಲಿ ಒಂಬತ್ತು ಪಾಯಿಂಟ್ ಆರು. ಎರಡು ವೋಲ್ಟಿಗೂ ಮಿಕ್ಕಿ ನಡುದಾರಿಯಲ್ಲೇ ಮಾಯ. ನಿನ್ನೆ ಪೆಟ್ಟಿಗೆಯ ಪಕ್ಕದಲ್ಲಿದ್ದ ಬ್ಯಾಟರಿಯನ್ನು, ಆಸಿಡ್ ವಾಸನೆ ಬ್ಯಾಡ ಅಂತ ಇವತ್ತು ಹೊರಗಿನ ಕಟ್ಟೆಯ ಮೇಲಿಟ್ಟು, ಬಲ್ಬಿಗೆ ಎಳೆಯುವ ತೆಳ್ಳನೆಯ ಜೋಡಿ ವೈರಿನಲ್ಲಿ ಕರೆಂಟ್ ಒಳಗೆ ತಂದಿದ್ದೆ. ವೈರು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಮತ್ತೆ ಅದೇ ಅರ್ಧ ಓಮ್. ನಿನ್ನೆ ಮೀಟರಿನ ಕಡ್ಡಿಯಲ್ಲಿದ್ದದ್ದು ಇವತ್ತು ಈ ವೈರಿನೊಳಗೆ ಬಂದು ಕೂತಿತ್ತು. ಮೊಟ್ಟೆಗೆ ಸೇರಬೇಕಾದ ಬಿಸಿ ಕಟ್ಟೆಯ ಮೇಲಿನ ಇರುವೆಗಳಿಗೆ ಹೋಗುತ್ತಿತ್ತು.

"ಅಣ್ಣಾ, ಟ್ರ್ಯಾಕ್ಟರಿಂದು ಹಳೇ ಸೆಲ್ಫ್ ಕೇಬಲ್ ಏನಾದ್ರೂ ಐತೇನ್ರಿ?" ಅಂತ ಅಕ್ಕನ ಗಂಡನನ್ನು ಕೇಳಿದೆ. ಅಟ್ಟದ ಮೇಲಿಂದ ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಇಳಿಸಿಕೊಟ್ಟರು. ಬ್ಯಾಟರಿಯನ್ನು ಒಳಗೆ ತಂದು, ಕಿಟಕಿ ತೆರೆದಿಟ್ಟು, ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿದೆ. ಒಂದೂವರೆ ಮೊಳ ಕೇಬಲ್ ಸಾಕಾಯಿತು. ಹಚ್ಚಿದೆ. ಈ ಸಲ ಬ್ಯಾಟರಿಯಲ್ಲಿ ನೋಡಲಿಲ್ಲ, ಕಾಯಿಲ್ ಉರಿಯುತ್ತಿರುವಾಗ ಅದರ ತುದಿಗಳಲ್ಲೇ ಕಡ್ಡಿ ಇಟ್ಟು ನೋಡಿದೆ. ಹನ್ನೊಂದು ಪಾಯಿಂಟ್ ಒಂಬತ್ತು.

ಮೂವತ್ತಾರೂವರೆಗೆ ಇಳಿದಿದ್ದ ಬಿಸಿ ನಿಧಾನಕ್ಕೆ ಹತ್ತತೊಡಗಿತು. ಮೂವತ್ತೇಳು. ಮೂವತ್ತೇಳು ಪಾಯಿಂಟ್ ಮೂರು. ಮೂವತ್ತೇಳೂವರೆಗೆ ಬಿಲ್ಲೆ ಟಿಕ್ ಅಂದಿತು, ಎರಡನೆಯ ಕಾಯಿಲ್ ಆರಿತು. ಕೊಂಚ ಹೊತ್ತಿಗೆ ಮತ್ತೆ ಟಿಕ್, ಹೊತ್ತಿತು. ಆ ಸದ್ದನ್ನು ಹತ್ತು ಸಲ ಕೇಳಿದ ಮೇಲೆಯೇ ನಾನು ನೀರು ಕುಡಿದದ್ದು.

"ಈಗ ಚಹಾ ಮಾಡ್ಲೇನು ತಂಗಿ?" ಅಂದರು ಅಕ್ಕ. ಮೂರು ದಿನದಲ್ಲಿ ಮೊದಲ ಸಲ ಅವರ ಹಲ್ಲು ಕಂಡೆ.

ಆಮೇಲೆ ಓಣಿಯ ಕೊನೆಗೆ ಹೋದೆ. ಅಜ್ಜಿ ಹೊರಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. "ಅಜ್ಜೀ, ನಿಮ್ಮ ನಾಲ್ಕು ತತ್ತಿ ಹೋದವು. ಅಕ್ಕಂದು ತಪ್ಪಿಲ್ಲ, ಕರೆಂಟಿಂದೂ ತಪ್ಪಿಲ್ಲ. ನಾನು ಅಳತೆ ತಪ್ಪಿದೆ." ಅಜ್ಜಿ ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಇನ್ನುಳಿದವು?" ಅಂದಳು. "ಎಂಟೂ ಮಿಸುಕ್ತಾವೆ," ಅಂದೆ. "ಹೋಗು ಹಂಗಾದ್ರೆ," ಅಂದಳು, ಅಷ್ಟೇ.

ಗುರುವಾರ ಒಂಬತ್ತಕ್ಕೆ ಸರಿಯಾಗಿ ಕರೆಂಟ್ ಹೋಯಿತು. ನಾನು ಅಂಗಡಿಯನ್ನು ಮಾವನಿಗೆ ಒಪ್ಪಿಸಿ ಕೊಕ್ಕನೂರಲ್ಲೇ ಇದ್ದೆ. ಗಂಟೆಗೊಮ್ಮೆ ವೋಲ್ಟು, ಬಿಸಿ ಎರಡನ್ನೂ ಕ್ಯಾಲೆಂಡರಿನ ಹಿಂದೆ ಬರೆದೆವು. ದಿನ ಹೂವೆತ್ತಿದಂತೆ ಕಳೆಯಿತು. ಸಂಜೆ ಕರೆಂಟ್ ಬಂದಾಗ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿದೆವು. ಶುಕ್ರವಾರ ನಾನು ಅಂಗಡಿಯಲ್ಲಿದ್ದೆ, ಬೇರೆಯವರ ಪಂಪೂ ಕಾಯುತ್ತಿತ್ತಲ್ಲ. ನಾಲ್ಕು ಗಂಟೆಗೆ ಅಕ್ಕನ ಫೋನು ಬಂತು. ಬ್ಯಾಟರಿ ಹನ್ನೊಂದು ಪಾಯಿಂಟ್ ಆರಕ್ಕೆ ಇಳಿದಿದೆ, ಟಿಕ್ ಸದ್ದು ಬರುವುದೇ ಅಪರೂಪವಾಗಿದೆ, ಎರಡನೆಯ ಕಾಯಿಲ್ ಉರಿಯುತ್ತಲೇ ಇದೆ.

"ಬಿಸಿ ಎಷ್ಟೈತೆ ಅಕ್ಕಾ?"

"ಮೂವತ್ತೇಳು ಪಾಯಿಂಟ್ ಮೂರು."

"ಹಂಗಾದ್ರೆ ಉರೀಲಿ ಬಿಡ್ರಿ. ಅದಕ್ಕೇ ಇಟ್ಟಿರೋದು ಅದನ್ನ. ಬಾಗಿಲು ಮಾತ್ರ ತೆಗೀಬ್ಯಾಡ್ರಿ."

ಆರಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಮತ್ತೆ ಫೋನು. ಮಾತೇ ಇಲ್ಲ, ಬರೀ ಹಿಂದೆ ಯಾರದೋ ಮನೆಯ ಟೀವಿ ಜೋರಾಗಿ ಕೂಗುವುದು ಕೇಳಿಸಿತು. ಕರೆಂಟ್ ಬಂದಿತ್ತು. ಅಷ್ಟು ಚೆಂದದ ಸದ್ದು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟೆ. ಮಾವ ಮೀಟರಿನ ಹಳೇ ಕಡ್ಡಿಗಳನ್ನು ಕಿತ್ತು ಹೊಸವು ಹಾಕುತ್ತಾ ಕೂತಿದ್ದರು.

ಮರುವಾರದ ಶನಿವಾರ ಇಪ್ಪತ್ತೊಂದನೇ ದಿನ. ಮಾವನನ್ನೂ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಓಣಿಯ ತಿರುವಿನಲ್ಲೇ ಚಿಂವ್ ಚಿಂವ್ ಕೇಳಿಸುತ್ತಿತ್ತು. ನಡುಮನೆ ತುಂಬಾ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಬುಟ್ಟಿ. ಅಕ್ಕ ಒಡೆದ ಚಿಪ್ಪಿನ ಗುರುತು ನೋಡಿ ನೋಡಿ ಮರಿ ಎತ್ತಿಕೊಡುತ್ತಿದ್ದರು. ಮೂಲೆಯಲ್ಲಿ ನಿಂತ ಮಾವನ ಅಂಗೈಯಲ್ಲಿ ಯಾರೋ ಒಂದು ಮರಿ ಇಟ್ಟರು. ತಂತಿ ಮುಟ್ಟುವ ಹಾಗೆಯೇ ಅದನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. "ಬೆಚ್ಚಗೈತೆ," ಅಂದರು.

ಮೂರು ಗೆರೆಯ ಅಜ್ಜಿಯ ಬುಟ್ಟಿಗೆ ಎಂಟು ಮರಿ ಬಂದವು. ಎಂಟಕ್ಕೆ ಎಂಟೂ. ಆಕೆ ಸೆರಗು ಮುಚ್ಚಿಕೊಂಡು ಬಾಗಿಲ ತನಕ ಹೋದಳು. ಉಳಿದ ನಾಲ್ಕರ ಮಾತು ಈಗ ತೆಗೆಯುತ್ತಾಳೆ, ಎಲ್ಲರ ಮುಂದೆ ಬೈಯುತ್ತಾಳೆ ಅಂತ ನಾನು ಕಾದು ನಿಂತಿದ್ದೆ. ಅಜ್ಜಿ ತಿರುಗಿದಳು, ಕೋಲನ್ನು ನೇರ ನನ್ನ ಕಡೆ ತೋರಿಸಿದಳು.

"ಏ ಸಾರಿನೋಳೇ! ಬರೋ ಸಲ ನನ್ನ ತತ್ತಿ ಕೆಳಗಿನ ತಟ್ಟೆಗೆ ಇಡಾಕೆ ಹೇಳು."